ಗೊತ್ತಿರಲಿಲ್ಲ ಎಂಬ ಮಾತು

ದಿನಕ್ಕೆ ಎಷ್ಟು ಸಲ ನಾವು ‘ನನಗೆ ಗೊತ್ತಿರಲಿಲ್ಲ’ ಎನ್ನುತ್ತೇವೆ ಎಂದು ಲೆಕ್ಕವಿಟ್ಟವರು ಯಾರೂ ಇರಲಾರರು. ಮಗ ಶಾಲೆಯಲ್ಲಿ ಪೆಟ್ಟು ತಿಂದದ್ದು ನಾಲ್ಕು ದಿನದ ಮೇಲೆ ತಿಳಿದಾಗ, ಪಕ್ಕದ ಮನೆಯಾಕೆಗೆ ಆಪರೇಷನ್ ಆಗಿ ಹದಿನೈದು ದಿನವಾದ ಮೇಲೆ ಅವರು ಗೇಟಿನ ಬಳಿ ಸಿಕ್ಕಾಗ, ‘ಅಯ್ಯೋ, ಗೊತ್ತೇ ಇರಲಿಲ್ಲವಲ್ಲ’ ಎಂದು ಬಾಯಿಗೆ ತಾನೇ ಬರುತ್ತದೆ. ಬಹಳ ಸಲ ಅದು ನಿಜವೇ. ಕೆಲವು ಸಲ ಅರ್ಧ ನಿಜ. ಪಕ್ಕದ ಮನೆಯ ಮುಂದೆ ಎರಡು ದಿನ ಆಟೋ ಬಂದು ಹೋದದ್ದನ್ನು ಕಿಟಕಿಯಿಂದ ಕಂಡಿರುತ್ತೇವೆ. ಹೋಗಿ ಕೇಳಿದರೆ ಒಂದು ಹೊತ್ತಿನ ಅಡುಗೆಯನ್ನೋ ಆಸ್ಪತ್ರೆಯ ಓಡಾಟವನ್ನೋ ಹೊರಬೇಕಾಗುತ್ತದೆಂದು ಒಳಮನಸ್ಸಿಗೆ ಹೊಳೆದಿರುತ್ತದೆ. ಕೇಳುವುದಿಲ್ಲ. ಆಮೇಲೆ ಗೊತ್ತಿರಲಿಲ್ಲ ಎನ್ನುತ್ತೇವೆ.

ಈ ಮಾತನ್ನು ನಾನು ಒಮ್ಮೆ ಕಾಗದದ ಮೇಲೆ ಬರೆದು ಸಹಿ ಹಾಕಿಕೊಟ್ಟಿದ್ದೇನೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಕೆಲವು ಹಡಗುಗಳ ಕಥೆ ಹೇಳಬೇಕು. ಮದುವೆಯಾದ ಮೇಲೆ ಗೋಕರ್ಣಕ್ಕೆ ಹೋದಾಗಷ್ಟೇ ಸಮುದ್ರ ಕಂಡ ನನ್ನಂಥವಳಿಗೆ ಹಡಗಿನ ಗೊಡವೆ ಏಕೆ ಬಂತು ಎಂಬುದನ್ನೂ ಹೇಳಬೇಕು.

ನಮ್ಮ ಅತ್ತೆಯವರ ತವರು ಜಾಲಹಳ್ಳಿಯ ಪಕ್ಕದ ಒಂದು ಚಿಕ್ಕ ಹಳ್ಳಿ. ಇಂದು ಹೋಗಿ ನಿಂತರೆ ಅಲ್ಲಿ ಹಳ್ಳಿ ಎಲ್ಲಿತ್ತೆಂದು ತೋರಿಸುವವರು ಯಾರೂ ಇಲ್ಲ. ತುಮಕೂರು ರಸ್ತೆಯಲ್ಲಿ ಫ್ಲೈಓವರು, 2014ರಿಂದ ಓಡುತ್ತಿರುವ ಮೆಟ್ರೋ, ಒಳಗೆ ತಿರುಗಿದರೆ ಪೀಣ್ಯದ ಶೆಡ್ಡುಗಳು, ಲೇತ್ ಮೆಷಿನ್ನಿನ ಸದ್ದು, ಸುಟ್ಟ ಎಣ್ಣೆಯ ವಾಸನೆ. ಅತ್ತೆಯವರು ಲಂಗ ಉಡುತ್ತಿದ್ದ ಕಾಲಕ್ಕೆ ಅದೆಲ್ಲ ರಾಗಿ ಹೊಲ, ಹುರುಳಿ ಹೊಲ. ಎರಡನೆಯ ಮಹಾಯುದ್ಧದ ನಡುವೆ ಆ ಕಡೆಗೆ ಮುಳ್ಳುತಂತಿಯ ಬೇಲಿ ಬಂತು. ಬೇಲಿಯೊಳಗೆ ಇಟಲಿಯ ಯುದ್ಧಕೈದಿಗಳು. 1940ರ ಡಿಸೆಂಬರಿನಿಂದ 1941ರ ಫೆಬ್ರವರಿಯೊಳಗೆ ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಇಟಾಲಿಯನ್ ಸೈನಿಕರು ಬ್ರಿಟಿಷರ ಕೈಗೆ ಸಿಕ್ಕಿಬಿದ್ದರು. ಅಷ್ಟು ಜನರನ್ನು ಅಲ್ಲೇ ಇಟ್ಟು ಸಾಕುವುದಾಗದೆ ಹಡಗು ತುಂಬಿ ತುಂಬಿ ದೂರದ ದೇಶಗಳಿಗೆ ಕಳಿಸಿದರು. ನಮ್ಮ ದೇಶಕ್ಕೆ ಬಂದವರಲ್ಲಿ ಕೆಲವರು ಭೋಪಾಲಿಗೆ, ಕೆಲವರು ಕಾಂಗ್ಡಾದ ಯೋಲ್‌ಗೆ, ಕೆಲವರು ನಮ್ಮ ಜಾಲಹಳ್ಳಿಗೆ. ಯುದ್ಧ ಮುಗಿದ ಮೇಲೆ ಅವರು ಊರಿಗೆ ಹೋದರು. ಆ ಕಡೆಗೆ ವಾಯುಸೇನೆ ಬಂತು, 1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಬಂದವು, ಬೇಲಿಯ ನೆನಪು ಮುದುಕರ ಬಾಯಲ್ಲಿ ಮಾತ್ರ ಉಳಿಯಿತು.

ಅತ್ತೆಯವರಿಗೆ ನೆನಪಿದ್ದದ್ದು ಎರಡೇ ಸಂಗತಿ. ಒಂದು, ಸಂಜೆ ಹೊತ್ತು ಅವರು ಹಾಡುತ್ತಿದ್ದರು. ಇನ್ನೊಂದು, ಸೌದೆ ಆರಿಸಲು ಹೋದಾಗ ಬೇಲಿಯಾಚೆಯಿಂದ ಒಬ್ಬ ಇವರ ಕಡೆ ನೋಡಿ ತನ್ನ ತೊಡೆಯ ಎತ್ತರಕ್ಕೆ ಕೈ ಹಿಡಿದು ತೋರಿಸಿದ್ದ. ಅಷ್ಟೆತ್ತರದ ಮಗು ತನಗೂ ಇದೆ ಎಂದು. ಇವರ ತಂದೆ ಅಲ್ಲಿಗೆ ಹಾಲು ಹಾಕುತ್ತಿದ್ದವರು. ಕೈದಿಗಳನ್ನು ತರುವ ಹಡಗುಗಳು ಸಮುದ್ರದಲ್ಲಿ ಮುಳುಗುವುದೂ ಉಂಟಂತೆ ಎಂದು ಒಂದು ದಿನ ಮನೆಗೆ ಬಂದು ಹೇಳಿದ್ದರಂತೆ. ‘ಬಂದವರೇನೋ ಬಂದರು ಕಣೇ, ಮುಳುಗಿದೋರ ಮನೆಗೆ ಯಾರು ಹೋಗಿ ಹೇಳಿದರೋ’ ಎಂದು ಅತ್ತೆಯವರು ಎಂಬತ್ತು ದಾಟಿದ ಮೇಲೂ ಕೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಅವರು ಹೋದ ಮೇಲೆ, ಮಧ್ಯಾಹ್ನದ ಹೊತ್ತು ಮನೆ ಬಿಕೋ ಎನ್ನುವಾಗ, ಆ ಪ್ರಶ್ನೆಗೆ ಉತ್ತರ ಹುಡುಕಬೇಕೆನಿಸಿತು. ಓದತೊಡಗಿದೆ.

1942ರ ಸೆಪ್ಟೆಂಬರ್ 12ರ ರಾತ್ರಿ. ‘ಲಕೋನಿಯಾ’ ಎಂಬ ಬ್ರಿಟಿಷ್ ಹಡಗು ಆಫ್ರಿಕದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಸಾಗಿತ್ತು. ಯುದ್ಧಕ್ಕೆ ಮೊದಲು ಉಳ್ಳವರು ಪ್ರವಾಸ ಹೋಗುತ್ತಿದ್ದ ಹಡಗು. ಈಗ ಅದರಲ್ಲಿ ಸುಮಾರು 2,700 ಜನ. ಸಿಬ್ಬಂದಿ, ಬ್ರಿಟಿಷ್ ಸೈನಿಕರು, ಊರಿಗೆ ಹೊರಟ ಕೆಲವು ಹೆಂಗಸರು ಮಕ್ಕಳು. ಉಳಿದ ಸುಮಾರು 1,800 ಮಂದಿ ಇಟಾಲಿಯನ್ ಕೈದಿಗಳು, ಜಾಲಹಳ್ಳಿಗೆ ಬಂದವರ ಹಾಗೆಯೇ ಆಫ್ರಿಕದ ಮರಳಿನಲ್ಲಿ ಸೆರೆಸಿಕ್ಕವರು. ಅವರನ್ನು ಪೂರ್ವಕ್ಕೆ ಕಳಿಸಿದ್ದರೆ ಬದುಕುತ್ತಿದ್ದರೋ ಏನೋ. ಇವರ ಹಡಗು ಆಫ್ರಿಕವನ್ನು ಸುತ್ತಿ ಬ್ರಿಟನ್ನಿನ ಕಡೆ ಹೊರಟಿತ್ತು. ಕೈದಿಗಳನ್ನು ಕೆಳಗಿನ ಅಂತಸ್ತುಗಳಲ್ಲಿ ಕಂಬಿ ಹಾಕಿ ಕೂಡಿದ್ದರು. ಯು-156 ಎಂಬ ಜರ್ಮನ್ ಜಲಾಂತರ್ಗಾಮಿ ಕತ್ತಲಲ್ಲಿ ಹಡಗನ್ನು ಕಂಡು ಟಾರ್ಪೆಡೊ ಬಿಟ್ಟಿತು. ನೂರಾರು ಕೈದಿಗಳು ಆ ಹೊಡೆತಕ್ಕೇ ಸತ್ತರು. ಉಳಿದವರು ಕಂಬಿ ಬಡಿದರು. ಕಾವಲಿಗಿದ್ದ ಪೋಲೆಂಡಿನ ಸೈನಿಕರು ಬೀಗ ತೆಗೆಯಲಿಲ್ಲವೆಂದೂ, ಮುರಿದುಕೊಂಡು ಮೇಲೆ ಬಂದವರನ್ನು ದೋಣಿಗಳ ಹತ್ತಿರ ಬಂದೂಕಿನ ಚೂರಿಯಿಂದ ತಡೆದರೆಂದೂ ಬದುಕಿ ಬಂದವರು ಹೇಳಿದ್ದಾರೆ. ಆ 1,800 ಜನರಲ್ಲಿ ಮುಕ್ಕಾಲು ಪಾಲು ಮತ್ತೆ ನೆಲ ಕಾಣಲಿಲ್ಲ.

ಇದಿಷ್ಟೇ ಆಗಿದ್ದರೆ ಯುದ್ಧದ ಸಾವಿರ ಕಥೆಗಳಲ್ಲಿ ಇದೂ ಒಂದು ಎಂದು ಪುಸ್ತಕ ಮುಚ್ಚುತ್ತಿದ್ದೆನೇನೋ. ಆದರೆ ಜಲಾಂತರ್ಗಾಮಿಯ ನಾಯಕ ವರ್ನರ್ ಹಾರ್ಟೆನ್‌ಸ್ಟೈನ್ ಎಂಬವನು ಮೇಲೆ ಬಂದು ಮುಳುಗುತ್ತಿರುವ ಹಡಗಿನ ಹತ್ತಿರ ಹೋದ. ಕತ್ತಲಲ್ಲಿ ನೀರಿನ ಮೇಲಿಂದ ಕೂಗು ಕೇಳಿಸಿತು. ಇಂಗ್ಲಿಷಿನಲ್ಲಲ್ಲ, ಇಟಾಲಿಯನ್ ಭಾಷೆಯಲ್ಲಿ. ಇಟಲಿ ಆಗ ಜರ್ಮನಿಯ ಮಿತ್ರದೇಶ. ತಾನು ಹೊಡೆದದ್ದು ಯಾರನ್ನೆಂದು ಅವನಿಗೆ ತಿಳಿದದ್ದು ಆ ಗಳಿಗೆಯಲ್ಲಿ.

ಇಲ್ಲಿಗೆ ಬಂದಾಗ ನನಗೆ ನೆನಪಾದದ್ದು ದಶರಥ. ಶ್ರವಣಕುಮಾರನ ಕಥೆ ಕೇಳದೆ ಬೆಳೆದ ಹೆಣ್ಣುಮಕ್ಕಳು ನಮ್ಮಲ್ಲಿ ಯಾರಿದ್ದಾರೆ? ಸರಯೂ ನದಿಯ ದಡ, ಕತ್ತಲು, ಕೊಡದಲ್ಲಿ ನೀರು ತುಂಬುವ ಗುಳುಗುಳು ಸದ್ದು. ಆನೆ ನೀರು ಕುಡಿಯುತ್ತಿದೆ ಎಂದುಕೊಂಡು ಶಬ್ದವೇಧಿ ಕಲಿತ ರಾಜಕುಮಾರ ಬಾಣ ಬಿಡುತ್ತಾನೆ. ಮನುಷ್ಯನ ಕೂಗು ಕೇಳುತ್ತದೆ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗೆಲ್ಲ ನನ್ನ ಜಗಳ ಒಂದೇ: ಗೊತ್ತಿಲ್ಲದೆ ಮಾಡಿದ್ದಲ್ಲವೇ, ಶಾಪ ಏಕೆ ಕೊಟ್ಟರು? ಅಮ್ಮನ ಹತ್ತಿರ ಉತ್ತರ ಇರಲಿಲ್ಲ, ಅಥವಾ ದೋಸೆ ಹುಯ್ಯುವ ಹೊತ್ತಿನಲ್ಲಿ ಹೇಳುವಂಥ ಉತ್ತರ ಇರಲಿಲ್ಲ. ದೊಡ್ಡವಳಾದ ಮೇಲೆ ವಾಲ್ಮೀಕಿ ರಾಮಾಯಣದ ಗದ್ಯಾನುವಾದ ಓದಿದಾಗ ಒಂದು ಸೂಕ್ಷ್ಮ ಕಣ್ಣಿಗೆ ಬಿತ್ತು. ದಶರಥ ಅಲ್ಲಿಂದ ಓಡಿಹೋಗುವುದಿಲ್ಲ. ಸತ್ತ ಹುಡುಗನ ಕೊಡದಲ್ಲಿ ನೀರು ತುಂಬಿಕೊಂಡು, ಹುಡುಗ ತೋರಿಸಿದ ಕಾಲುದಾರಿಯಲ್ಲಿ ಕುರುಡ ತಂದೆತಾಯಿಯರ ಬಳಿಗೆ ನಡೆದು, ನಾನೇ ಕೊಂದೆ ಎಂದು ಬಾಯಿಬಿಟ್ಟು ಹೇಳುತ್ತಾನೆ. ಮುದುಕ ಅವನಿಗೆ ಹೇಳುವುದು ಎರಡು ಮಾತು. ಅರಿಯದೆ ಮಾಡಿದ್ದರಿಂದ ನೀನಿನ್ನೂ ಬದುಕಿದ್ದೀಯೆ ಎಂಬುದು ಒಂದು. ನೀನಾಗಿಯೇ ಬಂದು ಹೇಳದೆ ಇದ್ದಿದ್ದರೆ ನಿನ್ನ ತಲೆ ಹೋಳಾಗುತ್ತಿತ್ತು ಎಂಬುದು ಇನ್ನೊಂದು. ಆಮೇಲೂ ಶಾಪ ಕೊಡುತ್ತಾನೆ. ಅರಿವಿಲ್ಲದ್ದಕ್ಕೆ ಒಂದು ಲೆಕ್ಕ, ಹೋಗಿ ಹೇಳಿದ್ದಕ್ಕೆ ಒಂದು ಲೆಕ್ಕ, ಸತ್ತ ಮಗನಿಗೆ ಇನ್ನೊಂದು ಲೆಕ್ಕ. ಒಂದರಿಂದ ಇನ್ನೊಂದನ್ನು ಕಳೆಯುವ ಹಾಗಿಲ್ಲ.

ಹಾರ್ಟೆನ್‌ಸ್ಟೈನನಿಗೆ ನಮ್ಮ ದಶರಥನ ಕಥೆ ತಿಳಿದಿರುವುದು ಸಾಧ್ಯವಿಲ್ಲ. ಆದರೆ ಅವನೂ ಓಡಿಹೋಗಲಿಲ್ಲ. ನೀರಿನಿಂದ ಜನರನ್ನು ಎಳೆದುಕೊಳ್ಳತೊಡಗಿದ. ಇಟಾಲಿಯನ್ನರನ್ನಷ್ಟೇ ಅಲ್ಲ, ಶತ್ರುಗಳಾದ ಬ್ರಿಟಿಷರನ್ನೂ, ಹೆಂಗಸರು ಮಕ್ಕಳನ್ನೂ. ಜಲಾಂತರ್ಗಾಮಿ ಎಂದರೆ ಒಳಗೆ ಐವತ್ತು ಅರವತ್ತು ಜನ ಉಸಿರುಕಟ್ಟಿಕೊಂಡು ಇರುವ ಕೊಳವೆ. ಅದರೊಳಗೂ ಮೇಲೂ ಸೇರಿ ಸುಮಾರು 200 ಜನರನ್ನು ಹತ್ತಿಸಿಕೊಂಡ. ಉಳಿದವರ ದೋಣಿಗಳನ್ನು ಹಗ್ಗ ಕಟ್ಟಿ ಎಳೆದ. ತಾನಿರುವ ಜಾಗವನ್ನು ರೇಡಿಯೋದಲ್ಲಿ ಇಂಗ್ಲಿಷಿನಲ್ಲೇ ಎಲ್ಲರಿಗೂ ಕೇಳುವಂತೆ ಸಾರಿ, ಯಾವ ಹಡಗು ಸಹಾಯಕ್ಕೆ ಬಂದರೂ ತಾನು ಹೊಡೆಯುವುದಿಲ್ಲ, ತನ್ನನ್ನೂ ಯಾರೂ ಹೊಡೆಯಬಾರದು ಎಂದ. ಸೆಪ್ಟೆಂಬರ್ 16ರಂದು ಅಮೆರಿಕದ ಒಂದು ಲಿಬರೇಟರ್ ವಿಮಾನ ಬಂತು. ಇವನು ರೆಡ್‌ಕ್ರಾಸ್ ಬಾವುಟ ಹಾಸಿದ. ವಿಮಾನದವರು ಅದನ್ನೂ ನೋಡಿದರು, ದೋಣಿಗಳನ್ನೂ ನೋಡಿದರು. ಏನು ಮಾಡಲಿ ಎಂದು ಅಸೆನ್ಷನ್ ದ್ವೀಪದ ನೆಲೆಗೆ ಕೇಳಿದರು. ಮುಳುಗಿಸಿ ಎಂಬ ಉತ್ತರ ಬಂತು. ಬಾಂಬು ಹಾಕಿದರು. ದೋಣಿಯಲ್ಲಿದ್ದ ಎಷ್ಟೋ ಜನ ಸತ್ತರು. ಹಾರ್ಟೆನ್‌ಸ್ಟೈನ್ ಹಗ್ಗ ಕಡಿದು, ಹತ್ತಿಸಿಕೊಂಡವರನ್ನು ಮತ್ತೆ ನೀರಿಗಿಳಿಸಿ, ಮುಳುಗಿ ಪಾರಾದ. ಉಳಿದವರಲ್ಲಿ ಬಹಳ ಜನರನ್ನು ಆಮೇಲೆ ಫ್ರೆಂಚ್ ಹಡಗುಗಳು ಬಂದು ಎತ್ತಿಕೊಂಡವು.

ಮರುದಿನ ಜರ್ಮನ್ ಜಲಾಂತರ್ಗಾಮಿಗಳ ದಂಡನಾಯಕ ಡೋನಿಟ್ಸ್ ಆಜ್ಞೆ ಹೊರಡಿಸಿದ: ಇನ್ನು ಮುಂದೆ ಮುಳುಗಿದ ಹಡಗಿನ ಜನರನ್ನು ಯಾರೂ ಎತ್ತಬೇಡಿ. ಯುದ್ಧದ ನಂತರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಈ ಆಜ್ಞೆ ಅವನ ವಿರುದ್ಧ ಚರ್ಚೆಗೆ ಬಂತು. ಹಾರ್ಟೆನ್‌ಸ್ಟೈನ್ 1943ರ ಮಾರ್ಚಿನಲ್ಲಿ ತನ್ನ ಜಲಾಂತರ್ಗಾಮಿಯೊಂದಿಗೆ ತಾನೂ ಮುಳುಗಿಹೋದ. ಅವನೇನು ಸಾಧುವಲ್ಲ. ಹಿಟ್ಲರನ ನೌಕಾಪಡೆಯವನು, ಹಡಗು ಮುಳುಗಿಸುವುದೇ ಉದ್ಯೋಗ ಮಾಡಿಕೊಂಡವನು. ಆದರೂ ಆ ನಾಲ್ಕು ದಿನ ಅವನು ಮಾಡಿದ್ದನ್ನು ನಾನು ಮರೆಯಲಾರೆ. ಕೂಗು ಕೇಳಿದಾಗ ಅದು ಮನುಷ್ಯರ ಕೂಗೆಂದು ಒಪ್ಪಿಕೊಂಡ, ಅಷ್ಟೇ. ಅಷ್ಟೇ ಎಂದು ಬರೆದುಬಿಟ್ಟೆ. ನನ್ನ ಕೈಲಿ ಆಗದೆ ಹೋದದ್ದೂ ಅದೇ.

ಇನ್ನು ಎರಡನೆಯ ಹಡಗು. ನೇಮಿಚಂದ್ರ ಅವರ ‘ಯಾದ್ ವಶೇಮ್’ ಕಾದಂಬರಿ 2007ರಲ್ಲಿ ಬಂದಾಗಿನಿಂದ ಹಿಟ್ಲರನ ಶಿಬಿರಗಳ ವಿಷಯ ಕನ್ನಡದ ಹೆಣ್ಣುಮಕ್ಕಳಿಗೆ ಹೊಸದಲ್ಲ. ಹ್ಯಾಂಬರ್ಗ್ ಊರಿನ ಹತ್ತಿರ ನಾಯೆನ್‌ಗಾಮ್ ಎಂಬ ಅಂಥದೊಂದು ಶಿಬಿರವಿತ್ತು. 1945ರ ಏಪ್ರಿಲಿನಲ್ಲಿ ಬ್ರಿಟಿಷ್ ಸೈನ್ಯ ಹತ್ತಿರ ಬಂದಾಗ ಶಿಬಿರದ ಕೈದಿಗಳು ಅವರ ಕಣ್ಣಿಗೆ ಬೀಳಬಾರದೆಂದು ಎಸ್‌ಎಸ್ ಪಡೆಯವರು ಸಾವಿರಾರು ಜನರನ್ನು ಲೂಬೆಕ್ ಕೊಲ್ಲಿಗೆ ಸಾಗಿಸಿ ಹಡಗುಗಳಿಗೆ ತುಂಬಿದರು. ಅವುಗಳಲ್ಲಿ ದೊಡ್ಡದು ‘ಕ್ಯಾಪ್ ಆರ್ಕೋನಾ’. 1927ರಲ್ಲಿ ನೀರಿಗಿಳಿದ, ಹ್ಯಾಂಬರ್ಗಿನಿಂದ ದಕ್ಷಿಣ ಅಮೆರಿಕಕ್ಕೆ ಹೋಗುತ್ತಿದ್ದ ವೈಭವದ ಹಡಗು. ಯುದ್ಧದ ನಡುವೆ ‘ಟೈಟಾನಿಕ್’ ಎಂಬ ಜರ್ಮನ್ ಸಿನಿಮಾದ ಚಿತ್ರೀಕರಣಕ್ಕೂ ಬಳಕೆಯಾಗಿತ್ತು. ಈಗ ಅದರ ಎಂಜಿನ್ನು ಕೆಟ್ಟಿತ್ತು. ಅದರಲ್ಲಿ ಸುಮಾರು 4,500 ಕೈದಿಗಳು, ಪಕ್ಕದ ‘ಥೀಲ್‌ಬೆಕ್’ನಲ್ಲಿ ಸುಮಾರು 2,800. ಯೂರೋಪಿನ ಹತ್ತಾರು ದೇಶದವರು. ಅನ್ನ ನೀರು ಸರಿಯಾಗಿಲ್ಲದೆ, ಕೆಳಗಿನ ಅಂತಸ್ತುಗಳ ಕತ್ತಲಲ್ಲಿ ಹೆಣಗಳ ಜೊತೆ ಮಲಗಿದ್ದವರು.

ಏಪ್ರಿಲ್ 30ಕ್ಕೆ ಹಿಟ್ಲರ್ ಸತ್ತಿದ್ದ. ಮೇ 4ಕ್ಕೆ ಆ ಭಾಗದ ಜರ್ಮನ್ ಸೈನ್ಯ ಶರಣಾಗತಿಗೆ ಸಹಿ ಹಾಕಿತು. ನಡುವಿನ ಮೇ 3ರ ಮಧ್ಯಾಹ್ನ ಬ್ರಿಟಿಷ್ ಟೈಫೂನ್ ವಿಮಾನಗಳು ಬಂದು ಆ ಹಡಗುಗಳಿಗೆ ರಾಕೆಟ್ ಹೊಡೆದವು. ಅವುಗಳಲ್ಲಿ ಎಸ್‌ಎಸ್ ಪಡೆಯವರು ನಾರ್ವೆಗೆ ತಪ್ಪಿಸಿಕೊಳ್ಳುತ್ತಿದ್ದಾರೆಂದು ಪೈಲಟ್ಟುಗಳಿಗೆ ಹೇಳಿದ್ದರು. ಬೆಂಕಿ ಬಿದ್ದ ಹಡಗಿನಿಂದ ತಣ್ಣನೆಯ ನೀರಿಗೆ ಹಾರಿದವರ ಮೇಲೂ ವಿಮಾನದಿಂದ ಗುಂಡು ಹಾರಿತು. ಈಜಿ ದಡ ಮುಟ್ಟಿದ ಕೆಲವರನ್ನು ದಡದಲ್ಲಿದ್ದ ಎಸ್‌ಎಸ್‌ನವರು ಕೊಂದರು. ಒಟ್ಟು ಸುಮಾರು 7,000 ಜನ ಸತ್ತರು. ಕ್ಯಾಪ್ ಆರ್ಕೋನಾದಲ್ಲಿ ಉಳಿದವರು ಸುಮಾರು 350. ಅಂದು ಸಂಜೆಯ ಹೊತ್ತಿಗೆ ಬ್ರಿಟಿಷ್ ಸೈನಿಕರೇ ಆ ದಡಕ್ಕೆ ಬಂದಿದ್ದರು. ಎಷ್ಟೋ ವರ್ಷ ಆ ಮರಳಿನಲ್ಲಿ ಎಲುಬುಗಳು ಸಿಗುತ್ತಿದ್ದವು. ತಾವು ಬಿಡಿಸಲು ಬಂದವರನ್ನೇ ತಾವು ಕೊಂದೆವೆಂದು ಪೈಲಟ್ಟುಗಳಲ್ಲಿ ಹಲವರಿಗೆ ತಿಳಿದದ್ದು ದಶಕಗಳ ಮೇಲೆ, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ.

ಪೈಲಟ್ಟುಗಳಿಗೆ ಗೊತ್ತಿರಲಿಲ್ಲ ಎಂಬುದು ಪೂರ್ತಿ ನಿಜ. ಆದರೆ ಗೊತ್ತಿದ್ದವರಿದ್ದರು. ಹಡಗುಗಳಲ್ಲಿ ಏಳೆಂಟು ಸಾವಿರ ಕೈದಿಗಳಿದ್ದಾರೆಂದು ರೆಡ್‌ಕ್ರಾಸಿನ ಪ್ರತಿನಿಧಿಯೊಬ್ಬ ಹಿಂದಿನ ದಿನವೇ, ಮೇ 2ರಂದೇ, ಲೂಬೆಕ್ಕಿಗೆ ಬಂದ ಬ್ರಿಟಿಷ್ ಸೈನ್ಯಕ್ಕೆ ತಿಳಿಸಿದ್ದ. ಯುದ್ಧದ ನಂತರ ಇದನ್ನು ತನಿಖೆ ಮಾಡಿದ ಬ್ರಿಟಿಷ್ ಅಧಿಕಾರಿಯೇ ತನ್ನ ವರದಿಯಲ್ಲಿ ಬರೆದಿದ್ದಾನೆ: ಸುದ್ದಿ ವಾಯುಪಡೆಗೆ ಹಿಂದಿನ ದಿನವೇ ತಲುಪಿತ್ತು, ಪೈಲಟ್ಟುಗಳಿಗೆ ಹೇಳಲು ಬೇಕಾದಷ್ಟು ಸಮಯವಿತ್ತು, ಕಣ್ತಪ್ಪಿನಿಂದ ಯಾರೂ ಹೇಳಲಿಲ್ಲ ಎಂದು.

ಈ ಕಣ್ತಪ್ಪು ಎಂಬ ಮಾತಿನ ಮುಂದೆ ನಾನು ಬಹಳ ಹೊತ್ತು ಕುಳಿತೆ. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ. ಒಂದು ಚೀಟಿ ಬರುತ್ತದೆ. ಓದಿದವನಿಗೆ ಇದು ಮುಖ್ಯವೆನಿಸುತ್ತದೆ. ಅಷ್ಟರಲ್ಲಿ ಫೋನು ಬರುತ್ತದೆ, ಊಟದ ಹೊತ್ತಾಗುತ್ತದೆ, ಇನ್ಯಾರೋ ಹೇಳಿರಬಹುದು ಎನಿಸುತ್ತದೆ. ಮೇಲೆ ಹಾರುವವನಿಗೆ ನಿಜವಾಗಿಯೂ ಗೊತ್ತಿಲ್ಲ, ಕೆಳಗೆ ಕುಳಿತವನಿಗೆ ನಿಜವಾಗಿಯೂ ಕೊಲ್ಲುವ ಮನಸ್ಸಿಲ್ಲ, ನಡುವೆ ಏಳು ಸಾವಿರ ಜನ ಸತ್ತುಹೋಗುತ್ತಾರೆ. ಹಾಗೆಂದು ಎಲ್ಲರ ಮೇಲೂ ಒಂದೇ ತೂಕದ ಪಾಪ ಹೊರಿಸುವುದು ನನಗೆ ಸರಿಕಾಣುವುದಿಲ್ಲ. ಆ ಜನರನ್ನು ಮನೆಗಳಿಂದ ಎಳೆತಂದು, ಹಸಿವಿಗೆ ಹಾಕಿ, ಹಡಗಿಗೆ ತುಂಬಿದವರು ನಾಜಿಗಳು. ಮೊದಲ ಪಾಪ, ದೊಡ್ಡ ಪಾಪ ಅವರದು. ಎಲ್ಲರೂ ತಪ್ಪಿತಸ್ಥರು ಎನ್ನುವುದು ಯಾರೂ ತಪ್ಪಿತಸ್ಥರಲ್ಲ ಎನ್ನುವುದಕ್ಕೆ ಒಂದು ಸಭ್ಯವಾದ ದಾರಿ.

ನಮ್ಮ ದೇಶದವರೂ ಹೀಗೆ ಸತ್ತಿದ್ದಾರೆ. 1943ರ ಜನವರಿ 26ರಂದು, ಆ ದಿನ ಗಣರಾಜ್ಯದ ದಿನವಾಗಲು ಇನ್ನೂ ಏಳು ವರ್ಷವಿತ್ತು, ನ್ಯೂಗಿನಿ ದ್ವೀಪದ ಉತ್ತರಕ್ಕೆ ‘ಬುಯೊ ಮಾರು’ ಎಂಬ ಜಪಾನಿ ಹಡಗನ್ನು ಅಮೆರಿಕದ ಜಲಾಂತರ್ಗಾಮಿಯೊಂದು ಮುಳುಗಿಸಿತು. ದೋಣಿಗಳ ಮೇಲೂ ಗುಂಡು ಹಾರಿಸಿತು. ಅಲ್ಲಿರುವವರೆಲ್ಲ ಜಪಾನಿ ಸೈನಿಕರೆಂದೇ ಅದರ ನಾಯಕ ತಿಳಿದಿದ್ದ. ಹಡಗಿನಲ್ಲಿ ಜಪಾನಿಯರು ಸೆರೆಹಿಡಿದ ಪಂಜಾಬ್ ರೆಜಿಮೆಂಟಿನ ಭಾರತೀಯ ಸೈನಿಕರು ನೂರಾರು ಜನರಿದ್ದರು. ಸತ್ತವರಲ್ಲಿ ಜಪಾನಿಯರು 87, ನಮ್ಮವರು 195.

ಈಗ ನನ್ನ ಕಾಗದದ ವಿಷಯ.

1996ನೆಯ ಇಸವಿ. ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಫಿನಿಷಿಂಗ್ ಸೆಕ್ಷನ್ನಿನ ಸೂಪರ್‌ವೈಸರ್ ಆಗಿದ್ದೆ. ಎರಡನೆಯ ಮಹಡಿಯಲ್ಲಿ ಚೆಕಿಂಗು, ಐರನಿಂಗು, ಪ್ಯಾಕಿಂಗು. ಮುಂದಿನ ಮೆಟ್ಟಿಲಲ್ಲದೆ ಹಿಂದೊಂದು ಕಿರಿದಾದ ಮೆಟ್ಟಿಲಿತ್ತು. ಬಟ್ಟೆ ಕಳವಾಗುತ್ತದೆಂದು ಮ್ಯಾನೇಜರು ಆ ಕಡೆಯ ಗ್ರಿಲ್ ಗೇಟಿಗೆ ಬೀಗ ಹಾಕಿಸಿದ್ದರು. ಬೀಗದ ಕೈ ನನ್ನ ಹತ್ತಿರ, ಸೊಂಟಕ್ಕೆ ಸಿಕ್ಕಿಸಿದ ಗೊಂಚಲಿನಲ್ಲಿ. ಆ ಗೊಂಚಲಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ಶಿಪ್‌ಮೆಂಟಿನ ಹಿಂದಿನ ದಿನ ಸಂಜೆ ಓಟಿ ಪಟ್ಟಿಗೆ ಸಹಿ ಹಾಕಿಸಲು ಕೆಳಗೆ ಆಫೀಸಿಗೆ ಬಂದಿದ್ದೆ. ಮುಂದಿನ ಮೆಟ್ಟಿಲ ಹತ್ತಿರದ ಮೇನ್ ಸ್ವಿಚ್ಚಿನಲ್ಲಿ ಶಾರ್ಟ್ ಆಗಿ ಹೊಗೆ ಎದ್ದಿತು, ಕರೆಂಟು ಹೋಯಿತು. ಹುಡುಗಿಯರು ದಡದಡ ಇಳಿದು ಬಂದರು. ಹಿಂದಿನ ಗೇಟು ತೆಗೆಯಲೇ ಎಂದು ಕೇಳಿದೆ. ಎಲ್ಲ ಇಳಿದಾಯಿತು, ಮೇಲೆ ಯಾರೂ ಇಲ್ಲ, ಈಗ ಅದನ್ನು ತೆಗೆದರೆ ಮಾಲು ಹೋಗುತ್ತದೆ ಎಂದರು ಮ್ಯಾನೇಜರು. ಸರಿ ಸಾರ್ ಎಂದು ನಿಂತೆ.

ಮೇಲಿನಿಂದ ಟಣ್ ಟಣ್ ಎಂದು ಸದ್ದು ಕೇಳುತ್ತಿತ್ತು. ಜನರೇಟರ್ ಇರಬೇಕೆಂದುಕೊಂಡೆ. ಕರೆಂಟು ಹೋದರೆ ಜನರೇಟರ್ ಹಾಕುತ್ತಾರೆ, ಅದಕ್ಕೆ ಅಂಥದೊಂದು ಸದ್ದಿದೆ, ಅಂದುಕೊಳ್ಳುವುದು ಕಷ್ಟವೇನಲ್ಲ. ಆದರೆ ಹೊಗೆ ಎದ್ದಾಗ ಯಾರೂ ಜನರೇಟರ್ ಹಾಕುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಪ್ಯಾಕಿಂಗ್ ಹಿಂದಿನ ಮೂಲೆಯಲ್ಲಿದೆ, ಅಲ್ಲಿರುವವರಿಗೆ ಮುಂದಿನ ಮೆಟ್ಟಿಲು ದೂರ ಎಂಬುದೂ ಗೊತ್ತಿತ್ತು. ಇಳಿದು ಬಂದವರನ್ನು ನಾನು ಎಣಿಸಿರಲಿಲ್ಲ. ಓಟಿ ಪಟ್ಟಿ, ಹೆಸರುಗಳ ಸಮೇತ, ನನ್ನ ಕೈಯಲ್ಲೇ ಇತ್ತು.

ಐದು ಹುಡುಗಿಯರು ಮೇಲೆ ಉಳಿದಿದ್ದರು. ಕತ್ತರಿಯಿಂದ ಗ್ರಿಲ್ಲಿಗೆ ಬಡಿಯುತ್ತಿದ್ದರು. ಅವರಲ್ಲಿ ಒಬ್ಬಳು, ಪಾವಗಡದ ಕಡೆಯವಳು, ಕಿಟಕಿಯಿಂದ ಕೆಳಗಿನ ಸ್ಟೋರಿನ ಶೀಟಿನ ಮೇಲೆ ಹಾರಿದಳು. ಶೀಟು ಮುರಿಯಿತು. ಆ ಸದ್ದಿಗೆ ನಾನು ಓಡಿದೆ, ಗೇಟು ತೆಗೆದೆ, ನಾಲ್ವರು ಕೆಮ್ಮುತ್ತ ಇಳಿದರು. ಹೊಗೆ ಅಷ್ಟರಲ್ಲೇ ಕಮ್ಮಿಯಾಯಿತು, ಯಾರೂ ಸಾಯಲಿಲ್ಲ. ಆ ಹುಡುಗಿಗೆ ಸೊಂಟದ ಮೂಳೆ ಮುರಿದಿತ್ತು. ಮತ್ತೆ ಅವಳು ಕೆಲಸಕ್ಕೆ ಬರಲಿಲ್ಲ. ಮೂರು ದಿನದ ಮೇಲೆ ಆಫೀಸಿನಲ್ಲಿ ಟೈಪು ಮಾಡಿದ ಕಾಗದ ಕೊಟ್ಟರು. ಮಹಡಿಯ ಹಿಂಭಾಗದಲ್ಲಿ ಕೆಲಸಗಾರರು ಉಳಿದಿದ್ದ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಅದರ ಕೊನೆಗೆ ನನ್ನ ಕೈಬರಹದಲ್ಲಿ ಬರೆದು ಸಹಿ ಹಾಕಬೇಕೆಂದರು. ಬರೆದೆ. ಮನೆಯಲ್ಲಿ ಇಬ್ಬರು ಮಕ್ಕಳು, ಯಜಮಾನರ ಫ್ಯಾಕ್ಟರಿ ಲಾಕೌಟ್ ಆಗಿದ್ದ ಕಾಲ. ಇದು ಕಾರಣ, ಸಮರ್ಥನೆಯಲ್ಲ. ಇವೆರಡರ ನಡುವಿನ ವ್ಯತ್ಯಾಸ ಆಗ ನನಗೆ ಬೇಕಾಗಿರಲಿಲ್ಲ.

ಕೋರ್ಟಿನಲ್ಲಿ ಕೇಳಿದ್ದರೆ ನನ್ನ ಮಾತು ಗೆಲ್ಲುತ್ತಿತ್ತು. ಕಣ್ಣಾರೆ ನೋಡಿದ್ದೆನೇ? ಇಲ್ಲ. ಯಾರಾದರೂ ಹೇಳಿದ್ದರೇ? ಇಲ್ಲ, ಯಾರೂ ಇಲ್ಲವೆಂದೇ ಹೇಳಿದ್ದರು. ಇಷ್ಟು ವರ್ಷ ನಾನು ಅದನ್ನೇ ನನಗೆ ಹೇಳಿಕೊಂಡು ಬಂದವಳು. ಆದರೆ ದಶರಥನಿಗೆ ಕೇಳಿಸಿದ ಸದ್ದು ಆನೆಯದೆಂದು ನಿಜವಾಗಿಯೂ ಅನಿಸಿತ್ತು. ನನಗೆ ಕೇಳಿಸಿದ್ದು ಜನರೇಟರಿನ ಸದ್ದಾಗಿರಲಿ ಎಂದು ನಾನು ಬಯಸಿದೆ. ಗೊತ್ತಿಲ್ಲದಿರುವುದೂ ಗೊತ್ತುಮಾಡಿಕೊಳ್ಳದಿರುವುದೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಒಳಗಿನಿಂದಲೂ, ಸ್ವಲ್ಪ ವರ್ಷ ಅಭ್ಯಾಸ ಮಾಡಿದರೆ, ಒಂದೇ ಥರ ಕಾಣತೊಡಗುತ್ತವೆ.

ಅವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಇಷ್ಟು ಸುಲಭವಿತ್ತೆಂಬುದೂ ಒಂದು ಪೆಟ್ಟೇ. ಹಳೆಯ ಹೆಲ್ಪರ್ ಒಬ್ಬಳು ದಾಸರಹಳ್ಳಿಯಲ್ಲಿ ತರಕಾರಿ ಮಾರುತ್ತಾಳೆ. ಅವಳಿಗೆ ವಿಳಾಸ ಗೊತ್ತಿತ್ತು. ಲಗ್ಗೆರೆಯ ಒಂದು ಗಲ್ಲಿಯಲ್ಲಿ ಕೆಳಗಿನ ಮನೆ. ಬಾಗಿಲಲ್ಲಿ ಬ್ಲೌಸ್ ಹೊಲಿದುಕೊಡಲಾಗುತ್ತದೆ ಎಂಬ ಬೋರ್ಡು. ಈಗ ಅವಳಿಗೂ ಐವತ್ತು ಸಮೀಪಿಸಿದೆ. ಎದ್ದು ನಿಲ್ಲುವಾಗ ಬಲಗೈಯನ್ನು ಮೆಷಿನ್ನಿಗೆ ಊರಿ, ಒಂದು ಗಳಿಗೆ ತಡೆದು, ಆಮೇಲೆ ಹೆಜ್ಜೆ ಇಟ್ಟಳು. ನನ್ನ ಗುರುತು ತಕ್ಷಣ ಹಿಡಿದಳು. ‘ಮೇಡಂ, ನೀವಾ! ಬನ್ನಿ ಬನ್ನಿ’ ಎಂದು ಮಗಳ ಕಡೆ ತಿರುಗಿ, ‘ಹೇಳ್ತಿದ್ನಲ್ಲ, ಅವತ್ತು ಬೀಗ ತೆಗೆದು ಎಲ್ರನ್ನೂ ಇಳಿಸಿದ ಮೇಡಂ ಇವರೇ’ ಎಂದಳು.

ನನ್ನ ಬಗ್ಗೆ ಅವಳು ಇಷ್ಟು ವರ್ಷ ಮಗಳಿಗೆ ಹೇಳಿಕೊಂಡು ಬಂದ ಕಥೆ ಅದು. ಅದನ್ನು ಹಾಗೆಯೇ ಇರಲು ಬಿಟ್ಟು, ತಂದಿದ್ದ ಹಣ್ಣು ಕೊಟ್ಟು, ಒಂದು ಬ್ಲೌಸ್ ಹೊಲಿಯಲು ಹಾಕಿ ಎದ್ದು ಬರಬಹುದಾಗಿತ್ತು. ಬಿಟ್ಟರೆ ಅವಳಿಗೂ ಒಳ್ಳೆಯದೇ ಅಲ್ಲವೇ, ನಿಜ ಹೇಳಿ ಯಾರಿಗೆ ಏನು ಸಿಗುತ್ತದೆ, ನನ್ನ ಮನಸ್ಸು ಹಗುರವಾಗಲೆಂದು ಅವಳ ಮನಸ್ಸು ಭಾರ ಮಾಡುವುದು ಸರಿಯೇ ಎಂದೆಲ್ಲ ಆ ಅರೆಗಳಿಗೆಯಲ್ಲಿ ಯೋಚನೆ ಬಂತು. ಈ ಪ್ರಶ್ನೆಗಳಿಗೆ ಈಗಲೂ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೂ ಹೇಳಿದೆ. ನಾನು ಬೀಗದ ಕೈ ಇಟ್ಟುಕೊಂಡು ಕೆಳಗೇ ನಿಂತಿದ್ದೆನಮ್ಮಾ, ಸದ್ದು ಕೇಳಿಸುತ್ತಿತ್ತು, ನೀನು ಬಿದ್ದ ಮೇಲೆ ಬಂದೆ ಎಂದೆ. ಕಾಗದದ ವಿಷಯವನ್ನೂ ಹೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೆಷಿನ್ನಿನ ಮೇಲೆ ಅರ್ಧ ಹೊಲಿದ ತೋಳಿತ್ತು. ಅದರ ದಾರ ಕಿತ್ತಳು.

‘ಎಷ್ಟು ಹೊತ್ತು ನಿಂತಿದ್ರಿ ಮೇಡಂ?’

‘ಹತ್ತು ನಿಮಿಷ ಇರಬಹುದು.’

‘ನಮಗೆ ಇನ್ನೂ ಜಾಸ್ತಿ ಅನ್ನಿಸಿತ್ತು’ ಎಂದಳು. ಮತ್ತೆ ಕೈ ಊರಿ ಎದ್ದು, ಕಾಫಿಗೆ ಹಾಲಿದೆಯೇ ನೋಡಲು ಒಳಗೆ ಹೋದಳು.